ಒಂದು ಕಡತಕ್ಕೆ ಹತ್ತು ಹೆಸರು

ಬಬಲೇಶ್ವರದ ರೈತ ಕೇಳುವುದು ಉತಾರ. ಕಚೇರಿಯವರು ಅದನ್ನೇ ಪಹಣಿ ಎನ್ನುತ್ತಾರೆ, ಸುತ್ತೋಲೆಗಳಲ್ಲಿ ಆರ್‌ಟಿಸಿ ಎಂದಿರುತ್ತದೆ. ಕಾಗದ ಒಂದೇ ಎಂಬುದು ಅನುಭವಿ ಗುಮಾಸ್ತರಿಗೆ ಗೊತ್ತು. ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಗಣಕಕ್ಕೆ ಗೊತ್ತಿಲ್ಲ.

ವಿಜಯಪುರದಲ್ಲಿ ಈ ತೊಡಕು ಊರಿನ ಹೆಸರಿನಿಂದಲೇ ಶುರುವಾಗುತ್ತದೆ. 2014ರ ನವೆಂಬರ್ 1ರಂದು ಹೆಸರು ಅಧಿಕೃತವಾಗಿ ಬದಲಾಗುವ ಮೊದಲಿನ ಕಾಗದಗಳಲ್ಲಿ ಬಿಜಾಪುರ ಎಂದಿದೆ, ಕೆಲವೆಡೆ ವಿಜಾಪುರ ಎಂದೂ ಇದೆ. 1956ರವರೆಗೆ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. 1997ರಲ್ಲಿ ಬಾಗಲಕೋಟೆ ಬೇರೆಯಾಯಿತು. 2017ರ ರಾಜ್ಯ ಬಜೆಟ್ ತಿಕೋಟಾ ಮತ್ತು ಬಬಲೇಶ್ವರವನ್ನು ಹೊಸ ತಾಲ್ಲೂಕುಗಳೆಂದು ಘೋಷಿಸಿತು. ಹಾಗಾಗಿ ತಿಕೋಟಾದ ಹಳೆಯ ಕಡತ ಬೇಕಾದವರು 'ತಿಕೋಟಾ ತಾಲ್ಲೂಕು' ಎಂದು ಹುಡುಕಿದರೆ ಸಿಗುವುದು ಕಷ್ಟ. ಆ ಕಡತ ಹುಟ್ಟಿದಾಗ ಅಂಥ ತಾಲ್ಲೂಕೇ ಇರಲಿಲ್ಲ.

ಈ ಸಮಸ್ಯೆಯನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. 1987ರಲ್ಲಿ ಜಾರ್ಜ್ ಫರ್ನಾಸ್, ಥಾಮಸ್ ಲ್ಯಾಂಡವರ್, ಲೂಯಿ ಗೋಮೆಜ್ ಮತ್ತು ಸುಸಾನ್ ಡುಮೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ವಸ್ತುವಿಗೆ ಇಬ್ಬರು ತಮ್ಮಷ್ಟಕ್ಕೆ ಒಂದೇ ಹೆಸರು ಕೊಡುವ ಸಾಧ್ಯತೆ ಶೇ 20ಕ್ಕಿಂತ ಕಡಿಮೆ. ಸರಿಯಾದ ಒಂದು ಹೆಸರನ್ನು ಹುಡುಕಿ ಪ್ರಯೋಜನವಿಲ್ಲ, ಒಂದೊಂದಕ್ಕೂ ಬೇಕಾದಷ್ಟು ಹೆಸರು ಇರಲಿ ಎಂಬುದು ಅವರ ಪರಿಹಾರವಾಗಿತ್ತು.

ಗೂಗಲ್‌ನಲ್ಲಿ ಬೇಕಾದ್ದು ಸಿಗುತ್ತದೆ, ಕಚೇರಿಯ ಗಣಕದಲ್ಲೇಕೆ ಸಿಗದು? ಅಂತರಜಾಲದಲ್ಲಿ ಲಕ್ಷಾಂತರ ಜನ ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತಾರೆ. ಕೊಂಡಿಯ ಮೇಲೆ ಅವರು ಬರೆದ ಮಾತುಗಳೇ ಆ ಪುಟಕ್ಕೆ ಬೇರೆಯವರು ಇಟ್ಟ ಹೆಸರುಗಳು. ಯಾವ ಪುಟಕ್ಕೆ ಹೆಚ್ಚು ತೂಕ ಕೊಡಬೇಕೆಂಬುದೂ ಕೊಂಡಿಗಳಿಂದ ತಿಳಿಯುತ್ತದೆ. ಕಚೇರಿಯ ಕಡತಗಳ ನಡುವೆ ಇಂಥ ಕೊಂಡಿಗಳು ಇಲ್ಲವೆನ್ನುವಷ್ಟು ಕಡಿಮೆ.

ಆ ಕೊರತೆಯನ್ನು ನೌಕರರೇ ತುಂಬಬಲ್ಲರು ಎಂಬ ಯೋಚನೆ ಐಬಿಎಂ ಕಂಪನಿಯಲ್ಲಿ ಫಲ ಕೊಟ್ಟಿತು. ಅಲ್ಲಿ ರೂಪುಗೊಂಡ 'ಡಾಗ್‌ಇಯರ್' ವ್ಯವಸ್ಥೆಯಲ್ಲಿ ನೌಕರರು ಉಪಯುಕ್ತ ಪುಟಗಳನ್ನು ಗುರುತಿಟ್ಟು, ತಮಗೆ ತೋಚಿದ ಪದಗಳನ್ನು ಟ್ಯಾಗ್ ಆಗಿ ಅಂಟಿಸುತ್ತಿದ್ದರು. ಟ್ಯಾಗ್ ಹಾಕಿದವರ ನಿಜ ಹೆಸರು ಎಲ್ಲರಿಗೂ ಕಾಣುತ್ತಿದ್ದುದರಿಂದ ಪುಟದ ಜೊತೆಗೆ ಆ ವಿಷಯ ಬಲ್ಲ ಸಹೋದ್ಯೋಗಿಯೂ ಸಿಗುತ್ತಿದ್ದರು. 2006ರಲ್ಲಿ ಪಾವೆಲ್ ದ್ಮಿತ್ರಿಯೆವ್ ಮತ್ತು ಐಬಿಎಂ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ನೌಕರ ಏನೆಂದು ಹುಡುಕಿ ಯಾವ ಕಡತವನ್ನು ತೆರೆದ ಎಂಬುದನ್ನು ಗಮನಿಸಿ, ಆ ಹುಡುಕಿದ ಪದಗಳನ್ನೇ ಕಡತದ ಟಿಪ್ಪಣಿಯಾಗಿ ಬಳಸಿದರು. ಯಾರೂ ಬೇರೆಯಾಗಿ ಏನನ್ನೂ ಬರೆಯಬೇಕಿರಲಿಲ್ಲ.

ಎಲ್ಲರೂ ಮನಬಂದಂತೆ ಹೆಸರಿಟ್ಟರೆ ಗದ್ದಲವಾಗದೇ? ಸ್ಕಾಟ್ ಗೋಲ್ಡರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ 'ಡೆಲಿಶಿಯಸ್' ಎಂಬ ತಾಣದಲ್ಲಿ ಇದನ್ನು ಪರಿಶೀಲಿಸಿದರು. ಒಂದು ಪುಟವನ್ನು ಸುಮಾರು 100 ಜನ ಗುರುತಿಟ್ಟ ಹೊತ್ತಿಗೆ ಯಾವ ಟ್ಯಾಗ್ ಎಷ್ಟು ಪಾಲು ಎಂಬುದು ಹೆಚ್ಚುಕಡಿಮೆ ಸ್ಥಿರವಾಗಿರುತ್ತಿತ್ತು. ಆದರೆ ಸಣ್ಣ ಕಚೇರಿಯಲ್ಲಿ ಒಂದು ಕಡತವನ್ನು 100 ಜನ ಮುಟ್ಟುವುದೇ ಇಲ್ಲ. ಅಲ್ಲಿ ನಾಲ್ಕೈದು ಜನರ ಟ್ಯಾಗ್‌ಗಳನ್ನೇ ನೆಚ್ಚಿಕೊಳ್ಳಬೇಕು, ಕಾಗುಣಿತದ ತಪ್ಪುಗಳನ್ನು ಆಗಾಗ ತಿದ್ದಬೇಕು.

ಪರಿಣತರ ವಿಂಗಡಣೆ ಇದಕ್ಕಿಂತ ಬೇರೆ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಓಲೆಗರಿಗಳಿಂದ ಸಂಗ್ರಹಿಸಿದ ವಚನಗಳನ್ನು 1923ರ 'ವಚನಶಾಸ್ತ್ರಸಾರ'ದಲ್ಲಿ ವಿಷಯವಾರು ಜೋಡಿಸಿಕೊಟ್ಟರು. ಅಂಥ ಕೆಲಸಕ್ಕೆ ಒಬ್ಬರ ಜೀವಮಾನದ ಓದು ಬೇಕು. ದಿನವೂ ಬೆಳೆಯುವ ಕಡತರಾಶಿಗೆ ಅಷ್ಟು ಓದಿದವರನ್ನು ಎಲ್ಲಿಂದ ತರುವುದು?

ನೌಕರರೇ ಹೆಸರಿಡುವ ಈ ಮಾತಿಗೆ ಈಗ ಅವಸರವಿದೆ. ಕಂದಾಯ ಇಲಾಖೆಯ 'ಭೂ ಸುರಕ್ಷಾ' ಯೋಜನೆಯಡಿ ತಹಸೀಲ್ದಾರ್ ಕಚೇರಿಗಳ ಹಳೆಯ ದಾಖಲೆಗಳು ಸ್ಕ್ಯಾನ್ ಆಗುತ್ತಿವೆ. 2024ರಲ್ಲಿ 31 ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಕೆಲಸವಿದು. ಗೆದ್ದಲು, ತೇವ, ಕಳವಿನ ಭಯ ಇದರಿಂದ ತಪ್ಪುತ್ತದೆ. ಆದರೆ ಸ್ಕ್ಯಾನ್ ಆದ ಹಾಳೆ ಗಣಕದ ಪಾಲಿಗೆ ಬರಿಯ ಚಿತ್ರ. ಕೈಬರಹದ ಹಳೆಯ ಕನ್ನಡವನ್ನೋ ಮೋಡಿ ಲಿಪಿಯನ್ನೋ ಅದು ಸುಲಭವಾಗಿ ಓದಲಾರದು. ಸೂಚಿಯಲ್ಲಿ ಬರೆದ ನಾಲ್ಕು ಪದಗಳೇ ಆ ಹಾಳೆಗೆ ಬಾಗಿಲು. 'ವಾಟ್ನಿ' ಎಂದು ಹುಡುಕಿದವರಿಗೂ 'ವಿಭಾಗ ಪತ್ರ' ಸಿಗಬೇಕಾದರೆ ಎರಡೂ ಅಲ್ಲಿರಬೇಕು.

ಟ್ಯಾಗ್‌ಗೆ ಕಾನೂನಿನ ಬೆಲೆ ಇರಕೂಡದು. ಅದು ಮೂಲ ದಾಖಲೆಯನ್ನು ಮುಟ್ಟದೆ ಪ್ರತ್ಯೇಕವಾಗಿರಬೇಕು, ಯಾರು ಬರೆದರೆಂಬುದು ಕಾಣಬೇಕು, ಖಾಸಗಿ ವಿವರ ಅದರಲ್ಲಿ ಸೇರಬಾರದು. ಇಷ್ಟು ಕಟ್ಟುಪಾಡಿನೊಳಗೆ ವಿಜಯಪುರ, ತಿಕೋಟಾ, ಬಬಲೇಶ್ವರದ ಕಚೇರಿಗಳಲ್ಲಿ ಪ್ರತಿ ಕಡತದ ಪಕ್ಕ ನೌಕರರು ತುಂಬುವ ಒಂದು ಖಾಲಿ ಜಾಗ ಇಟ್ಟರೆ ಸಾಕು. ಹಳೆಯ ದಫ್ತರುಗಳನ್ನು ಬಲ್ಲ ಹಿರಿಯ ಸಿಬ್ಬಂದಿ ನಿವೃತ್ತರಾಗುವ ಮೊದಲೇ ಇಲಾಖೆ ಅವರನ್ನು ಕೂರಿಸಿಕೊಂಡು ಈ ಜಾಗ ತುಂಬಿಸಬೇಕು.