ಮನೆಗೆ ತಕ್ಕ ನಾಯಿ

ಎತ್ತನ್ನು ಕೊಳ್ಳಹೋದ ರೈತನು ಅದರ ಹಲ್ಲನ್ನು ಎಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಪರೀಕ್ಷಿಸುತ್ತಾನೆ. ಅದಕ್ಕೂ ಮೊದಲು ತನ್ನ ಹೊಲವೆಷ್ಟು, ಮೇವೆಷ್ಟು ಎಂಬುದನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿಕೊಂಡಿರುತ್ತಾನೆ. ಅಂತಹ ವಿವೇಕಿಗಳ ಮಕ್ಕಳೇ ಪಟ್ಟಣವನ್ನು ಸೇರಿ ಒಂದು ನಾಯಿಯನ್ನು ಮನೆಗೆ ತರುವಾಗ ಈ ಲೆಕ್ಕಗಳಲ್ಲಿ ಒಂದನ್ನೂ ಮಾಡುವುದಿಲ್ಲ. ಅದು ಕಣ್ಣೆತ್ತಿ ನೋಡಿತು, ಇವರ ಮನಸ್ಸು ಕರಗಿತು. ಅಷ್ಟಕ್ಕೇ ಕಾರ್ಯವು ಮುಗಿಯಿತು. ದಯೆಯು ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲೆಕ್ಕವಿಲ್ಲದ ದಯೆಯಿಂದ, ದಯೆಗೆ ಪಾತ್ರವಾದ ಪ್ರಾಣಿಗೇ ಕೇಡಾಗುವುದುಂಟು. ಇದನ್ನು ನಾವು ಗ್ರಂಥಗಳಿಂದ ಕಲಿಯಲಿಲ್ಲ; ನಮ್ಮ ಮಗನ ಮನೆಯಲ್ಲಿಯೇ ಕಂಡು ಕಲಿತೆವು.

ಮಗನೂ ಸೊಸೆಯೂ ಬೆಂಗಳೂರಿನಲ್ಲಿ ಉದ್ಯೋಗಸ್ಥರು. ಬೆಳಗ್ಗೆ 8 ಗಂಟೆಗೆ ಹೊರಟರೆ ಹಿಂದಿರುಗುವುದು ಸಂಜೆ 7ಕ್ಕೆ. ಮೊಮ್ಮಗನು ಶಾಲೆಯಿಂದ ನೇರವಾಗಿ ಪಾಠದ ಮನೆಗೆ ಹೋಗಿ, ಅವರೊಡನೆಯೇ ಮನೆಗೆ ಬರುತ್ತಾನೆ. ಮೂರನೆಯ ಅಂತಸ್ತಿನ ಮನೆ. ಎರಡು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ಅವರು ಪ್ರಾಣಿಗಳ ಆಶ್ರಯಧಾಮವೊಂದಕ್ಕೆ ಹೋಗಿ ಎರಡೂವರೆ ತಿಂಗಳಿನ ಒಂದು ಕೆಂಚು ಮರಿಯನ್ನು ತಂದರು. ಅಲ್ಲಿದ್ದ ಮರಿಗಳಲ್ಲೆಲ್ಲ ಅದೇ ಬಡಕಲಾಗಿತ್ತೆಂಬುದೇ ಅದನ್ನು ಆರಿಸಿದುದಕ್ಕೆ ಕಾರಣ. ಸುದ್ದಿಯನ್ನು ಕೇಳಿ ನಾವು ಮೈಸೂರಿನಿಂದಲೇ ಅವರನ್ನು ಹೊಗಳಿದೆವು. ಭೂತದಯೆಯ ವಿಷಯದಲ್ಲಿ ಮೊಮ್ಮಗನಿಗೆ ಅರ್ಧ ಗಂಟೆ ಉಪದೇಶವನ್ನೂ ಮಾಡಿದೆವು. ಮನೆಯು ದಿನಕ್ಕೆ ಹನ್ನೊಂದು ಗಂಟೆಗಳ ಕಾಲ ಬರಿದಾಗಿರುತ್ತದೆಂಬುದು ನಮಗೆ ತಿಳಿದಿತ್ತು. ನಲವತ್ತು ವರ್ಷ ಹುಡುಗರಿಗೆ ಪಾಠ ಹೇಳಿದ ನಮಗೆ ಆ ಹನ್ನೊಂದು ಗಂಟೆಗಳು ನೆನಪಿಗೆ ಬರಲಿಲ್ಲ.

ಆ ವಯಸ್ಸಿನ ಮರಿಯು ಎರಡು ಮೂರು ಗಂಟೆಗಳಿಗಿಂತ ಹೆಚ್ಚು ಹೊತ್ತು ಮೂತ್ರವನ್ನು ತಡೆಯಲಾರದು. ದಿನಕ್ಕೆ ಮೂರು ನಾಲ್ಕು ಸಲ ಅದಕ್ಕೆ ಆಹಾರ ಬೇಕು. ಹಲ್ಲು ಹುಟ್ಟುವ ಕಾಲದಲ್ಲಿ ಸಿಕ್ಕಿದುದನ್ನೆಲ್ಲ ಕಡಿಯುವುದು ಅದರ ಸ್ವಭಾವ. ಇವೆಲ್ಲವೂ ಕ್ರಮವಾಗಿ ನಡೆದುವು. ಕಾಲೊರಸು ಒದ್ದೆಯಾಯಿತು, ಚಪ್ಪಲಿಗಳು ಚೂರಾದುವು, ಬಾಗಿಲಿನ ಚೌಕಟ್ಟಿನಲ್ಲಿ ಹಲ್ಲಿನ ಗುರುತುಗಳು ಮೂಡಿದುವು. ಹಗಲೆಲ್ಲ ಮರಿಯು ಅಳುತ್ತಿದ್ದುದರಿಂದ ನೆರೆಯವರು ದೂರಿತ್ತರು. ನಾವು ಅಲ್ಲಿಗೆ ಹೋಗಿದ್ದಾಗ ಒಂದು ಸಂಜೆ ಮಗನು ದಣಿದು ಬಂದು, ನೆಲದ ಮೇಲಿನ ಹೊಲಸನ್ನು ಕಂಡು, ವೃತ್ತಪತ್ರಿಕೆಯನ್ನು ಸುರುಳಿ ಸುತ್ತಿ ಅದನ್ನು ಹೊಡೆದನು. ಏಟು ಬಲವಾಗಿರಲಿಲ್ಲ. ಆದರೆ ಮರುದಿನದಿಂದ ಅವನ ಹೆಜ್ಜೆಯ ಸದ್ದು ಕೇಳಿದೊಡನೆ ಮರಿಯು ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು. ಏಳು ವಾರಗಳಾದ ಮೇಲೆ ಅದನ್ನು ಆಶ್ರಯಧಾಮಕ್ಕೆ ಹಿಂದಿರುಗಿಸಿದರು. ಆ ರಾತ್ರಿ ಮೊಮ್ಮಗನು ಊಟ ಮಾಡಲಿಲ್ಲ. “ತಾತಾ, ಅದು ಏನು ತಪ್ಪು ಮಾಡಿತ್ತು?” ಎಂದು ಅವನು ದೂರವಾಣಿಯಲ್ಲಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ಇದೇ ಪ್ರಶ್ನೆಯನ್ನು ಒಂದು ಹೆಣ್ಣುನಾಯಿ ಕೇಳುತ್ತದೆ. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರಯಾಗವನ್ನು ನಡೆಸುತ್ತಿದ್ದಾಗ ಸರಮೆಯ ಮಗನಾದ ನಾಯಿಯು ಅಲ್ಲಿಗೆ ಬರಲು, ಅರಸನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಅದು ಹವಿಸ್ಸನ್ನು ನೋಡಿಯೂ ಇರಲಿಲ್ಲ, ನೆಕ್ಕಿಯೂ ಇರಲಿಲ್ಲ. ತಾಯಿಯು ಯಾಗಶಾಲೆಗೆ ಬಂದು, ತಪ್ಪು ಮಾಡದ ತನ್ನ ಮಗನನ್ನು ಏಕೆ ಹೊಡೆದಿರೆಂದು ಕೇಳಿದಾಗ ಯಾರೂ ಬಾಯಿ ಬಿಡುವುದಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಆಕೆ ಶಪಿಸುತ್ತಾಳೆ. ಈ ಕಥೆಯನ್ನು ಎಷ್ಟೋ ಸಲ ಪಾಠ ಹೇಳಿದ್ದ ನಾವು, ಯಾಗಶಾಲೆಯಲ್ಲಿ ಮೌನವಾಗಿ ಕುಳಿತವರ ಸಾಲಿನಲ್ಲಿ ನಮ್ಮನ್ನು ಅಂದೇ ಮೊದಲ ಬಾರಿಗೆ ಕಂಡುಕೊಂಡೆವು.

ಆದುದರಿಂದ ದುಡಿಯುವ ಗೃಹಸ್ಥರು ನಾಯಿಯನ್ನು ತರುವ ಮುನ್ನ ಆಲೋಚಿಸತಕ್ಕ ಕೆಲವು ವಿಷಯಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಹೊತ್ತು. ಒಂದು ಕಾಗದದ ಮೇಲೆ ಬೆಳಗಿನಿಂದ ರಾತ್ರಿಯವರೆಗಿನ ಗಂಟೆಗಳನ್ನು ಬರೆದು, ಯಾವ ಯಾವ ಗಂಟೆಯಲ್ಲಿ ಮನೆಯಲ್ಲಿ ಯಾರಿರುತ್ತಾರೆಂಬುದನ್ನು ಎದುರಿಗೆ ಗುರುತಿಸಬೇಕು. ನಾಲ್ಕು ಗಂಟೆಗಳಿಗಿಂತ ಹೆಚ್ಚು ಹೊತ್ತು ಮನೆಯು ಬರಿದಾಗಿರುವುದಾದರೆ ಎಳೆಯ ಮರಿಯ ಆಸೆಯನ್ನು ಬಿಡತಕ್ಕದ್ದು. ಬೆಳೆದ ನಾಯಿಯು ಆರು ಗಂಟೆ, ಅಭ್ಯಾಸವಾದರೆ ಎಂಟು ಗಂಟೆ ಒಂಟಿಯಾಗಿರಬಲ್ಲದು. ಅದಕ್ಕೂ ಹೆಚ್ಚಾದರೆ ನಡುಹಗಲಿನಲ್ಲಿ ಒಬ್ಬರು ಬಂದು ಅದನ್ನು ಹೊರಗೆ ಕರೆದೊಯ್ಯುವ ಏರ್ಪಾಡು ಬೇಕು. ಆ ಒಬ್ಬರು ಯಾರೆಂಬುದು ನಾಯಿಯು ಬರುವುದಕ್ಕೆ ಮೊದಲೇ ನಿಶ್ಚಯವಾಗಿರಬೇಕು.

ಎರಡನೆಯದು ವಯಸ್ಸು. ಮರಿಯಾದರೆ ನಮಗೆ ಹೊಂದಿಕೊಳ್ಳುತ್ತದೆ, ದೊಡ್ಡ ನಾಯಿಯು ಹೊಂದಿಕೊಳ್ಳಲಾರದೆಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ಇದು ಸರಿಯಲ್ಲ. ಮರಿಯು ಎಂತಹ ನಾಯಿಯಾಗುವುದೆಂದು ಯಾರೂ ಹೇಳಲಾರರು. ನಾಲ್ಕೈದು ವರ್ಷದ ನಾಯಿಯ ಗುಣವಾದರೋ ಕಣ್ಣಿಗೆ ಕಾಣುವಂತಿರುತ್ತದೆ. ಅದು ಮಕ್ಕಳನ್ನು ಸಹಿಸುವುದೇ, ಒಂಟಿತನಕ್ಕೆ ಅಂಜುವುದೇ, ಗಂಟೆಯ ಸದ್ದಿಗೆ ಬೊಗಳುವುದೇ ಎಂಬುದನ್ನು ಆಶ್ರಯಧಾಮದಲ್ಲಿ ಅದಕ್ಕೆ ಅನ್ನವಿಡುವವರು ಬಲ್ಲರು. ಅವರನ್ನು ಕೇಳಬೇಕು. ಒಂದೇ ಸಲ ಹೋಗಿ ತಂದುಬಿಡದೆ ಮೂರು ನಾಲ್ಕು ಸಲ, ಬೇರೆ ಬೇರೆ ಹೊತ್ತಿನಲ್ಲಿ, ಮನೆಯವರೆಲ್ಲರೂ ಹೋಗಿ ನೋಡಬೇಕು.

ಮೂರನೆಯದು ಸ್ವಭಾವ. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ವೀರಗಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನೆಂಬ ವೀರನು, ಬೇಕಾದುದನ್ನು ಬೇಡೆಂದ ಒಡೆಯನಲ್ಲಿ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಲು, ಅವನು ಅದಕ್ಕೆ ಕಲ್ಲನ್ನು ನಿಲ್ಲಿಸಿದನು. ಬೇಟೆಯವನಿಗೆ ಬೇಟೆಯ ನಾಯಿಯು ತಕ್ಕದ್ದಾಗಿತ್ತು. ಓಡುವುದಕ್ಕೆಂದೇ ಹುಟ್ಟಿದ ಮುಧೋಳದ ನಾಯಿಯನ್ನು ಮೂರನೆಯ ಅಂತಸ್ತಿನಲ್ಲಿ ಕಟ್ಟಿಹಾಕಿದರೆ ಅದರ ಓಟವೆಲ್ಲವೂ ಪೀಠೋಪಕರಣಗಳ ಮೇಲೆ ತೀರುತ್ತದೆ. ಹಿಮದೇಶದ ದಟ್ಟ ರೋಮದ ಜಾತಿಗಳು ನಮ್ಮ ಬೇಸಗೆಯಲ್ಲಿ ಬೇಯುತ್ತವೆ. ಸಾಕಲಾರದೆ ಜನರು ಬಿಟ್ಟುಹೋದ ಅಂತಹ ನಾಯಿಗಳು ಆಶ್ರಯಧಾಮಗಳಲ್ಲಿ ಇಂದು ಕಾಣಸಿಗುತ್ತವೆ. ಗ್ರಾಮಸಿಂಹವೆಂದು ಹೆಸರಾದ ನಮ್ಮ ಬೀದಿಯ ನಾಯಿಯ ಕೂದಲು ಗಿಡ್ಡ. ನಮ್ಮ ಹವೆಯು ಅದಕ್ಕೆ ಒಗ್ಗಿದೆ. ಆದರೂ ಜಾತಿಗಿಂತ ಆಯಾ ನಾಯಿಯ ನಡತೆಯೇ ಮುಖ್ಯವೆಂಬುದನ್ನು ಮರೆಯಬಾರದು.

ನಾಲ್ಕನೆಯದು ಖರ್ಚು ಮತ್ತು ಆರೋಗ್ಯ. ನಾಯಿಯ ಆಯುಸ್ಸು ಸಾಧಾರಣವಾಗಿ ಹತ್ತರಿಂದ ಹದಿನಾಲ್ಕು ವರ್ಷ. ಬರಿಯ ಮಜ್ಜಿಗೆಯನ್ನದಿಂದ ಅದರ ದೇಹವು ನಿಲ್ಲದು. ಸಸ್ಯಾಹಾರದ ಮನೆಯವರು ಇದನ್ನು ಮೊದಲೇ ಯೋಚಿಸಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ಅದಕ್ಕೆ ವಿಷ. ರೇಬೀಸ್ ರೋಗದ ಚುಚ್ಚುಮದ್ದನ್ನು ಮೂರು ತಿಂಗಳ ವಯಸ್ಸಿನಲ್ಲಿ ಹಾಕಿಸಿ, ಬಳಿಕ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷವೂ ಹಾಕಿಸತಕ್ಕದ್ದು. ಸಂತಾನಹರಣದ ಶಸ್ತ್ರಚಿಕಿತ್ಸೆಯಾಗಿದೆಯೇ ಎಂದು ವಿಚಾರಿಸಬೇಕು. ಉಣ್ಣಿಗಳಿಂದ ಬರುವ ಜ್ವರವು ನಮ್ಮ ಕಡೆ ಬಹಳ. ಸಂಜೆ ಕಿವಿ ಮತ್ತು ಬೆರಳುಗಳ ಸಂದನ್ನು ನೋಡುವ ಅಭ್ಯಾಸವಿರಲಿ. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಆಗಲೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಆದ ಮೇಲೂ ಹೊಂದಿಕೆಯಾಗದಿದ್ದರೆ ನಾಯಿಯನ್ನು ತಂದಲ್ಲಿಗೇ ಒಪ್ಪಿಸಬೇಕೇ ಹೊರತು ಬೀದಿಗೆ ಬಿಡಬಾರದು. ಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣ ಕಾನೂನಿನ ಪ್ರಕಾರ ಅಪರಾಧ.

ನಮ್ಮ ಮಗನ ಮನೆಗೆ ಹಿಂದಿರುಗೋಣ. ಒಂದು ವರ್ಷ ಕಳೆದ ಮೇಲೆ ಸೊಸೆಯು ಆ ಆಶ್ರಯಧಾಮಕ್ಕೇ ಮತ್ತೆ ಹೋದಳು. ಈ ಸಲ ಗಂಟೆಗಳನ್ನು ಬರೆದ ಕಾಗದವು ಅವಳ ಕೈಯಲ್ಲಿತ್ತು. ಅಲ್ಲಿಯ ಹೆಂಗಸು ಅದನ್ನು ಓದಿ, ಮರಿಗಳ ಕೋಣೆಯನ್ನು ದಾಟಿಸಿ, ಕೊನೆಯ ಕೋಣೆಗೆ ಕರೆದೊಯ್ದಳು. ಒಡೆಯರು ಪರದೇಶಕ್ಕೆ ಹೋದುದರಿಂದ ಉಳಿದುಹೋದ ಆರು ವರ್ಷದ ಒಂದು ಕರಿಯ ಹೆಣ್ಣುನಾಯಿ ಅಲ್ಲಿತ್ತು. ಒಂದು ಕಿವಿ ಹರಿದಿತ್ತು. ನೋಡಬಂದವರು ಯಾರೂ ಅದನ್ನು ಕೇಳುತ್ತಿರಲಿಲ್ಲವಂತೆ. ಹಗಲೆಲ್ಲ ಮಲಗುವುದು ಅದರ ರೂಢಿ. ಹಿಂದಿನ ಮನೆಯವರೂ ಉದ್ಯೋಗಸ್ಥರೇ ಆಗಿದ್ದರು. ಮೂರು ವಾರ ಪರೀಕ್ಷೆಗೆಂದು ಮನೆಗೆ ತಂದರು. ಮೊದಲ ಮೂರು ದಿನ ಅದು ಸರಿಯಾಗಿ ತಿನ್ನಲೂ ಇಲ್ಲ. ಮೂಲೆಯನ್ನು ಬಿಟ್ಟು ಏಳಲೂ ಇಲ್ಲ. ಯಾರೂ ಅದನ್ನು ಎಳೆಯಲಿಲ್ಲ, ಮುದ್ದಿಸಲೂ ಇಲ್ಲ. ನಾಲ್ಕನೆಯ ದಿನ ತಾನಾಗಿಯೇ ಬಂದು ಮೊಮ್ಮಗನ ಪುಸ್ತಕದ ಪಕ್ಕದಲ್ಲಿ ಮಲಗಿತು. ಮಧ್ಯಾಹ್ನ 1 ಗಂಟೆಗೆ ಮನೆಗೆಲಸದಾಕೆಯು ಬಂದು ಅದನ್ನು ಕೆಳಗೆ ನಡೆಸಿಕೊಂಡು ಹೋಗುತ್ತಾಳೆ. ಅದಕ್ಕೆ ಅವಳ ಸಂಬಳವನ್ನು ಹೆಚ್ಚಿಸಿದ್ದಾರೆ. ಬೆಳಗಿನ ತಿರುಗಾಟವು ಮಗನ ಪಾಲು. ಅದಕ್ಕಾಗಿ ಅವನು ಒಂದು ಗಂಟೆ ಮುಂಚೆ ಏಳುತ್ತಾನೆ.

ಕೆಂಚು ಮರಿಯ ವಿಷಯವನ್ನು ಸೊಸೆಯು ಅಂಜುತ್ತಲೇ ಕೇಳಿದಳಂತೆ. ಮನೆಯಲ್ಲಿಯೇ ಬಟ್ಟೆ ಹೊಲಿಯುವ ದರ್ಜಿಯೊಬ್ಬರು ಅದನ್ನು ಒಯ್ದಿದ್ದಾರೆ. ಹಗಲೆಲ್ಲ ಅದು ಹೊಲಿಗೆಯ ಯಂತ್ರದ ಕೆಳಗೆ ಮಲಗಿರುತ್ತದೆಂದು ತಿಳಿಯಿತು. ಮರಿಯಲ್ಲಿ ದೋಷವಿರಲಿಲ್ಲ. ನಮ್ಮವರೂ ಕ್ರೂರಿಗಳಲ್ಲ. ಆ ಮನೆಗೆ ಆ ಮರಿಯು ತಕ್ಕದ್ದಾಗಿರಲಿಲ್ಲ, ಅಷ್ಟೆ. ಮೊಮ್ಮಗನ ಪ್ರಶ್ನೆಗೆ ನಾವು ಕೊಡಬೇಕಾಗಿದ್ದ ಉತ್ತರ ಇದೇ. ಕಳೆದ ಸಲ ಹೋದಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮೊದಲೇ ಕಾಗದ ಬರೆಯಬೇಕಾಗಿತ್ತು, ತಾತಾ” ಎಂದನು.

ಬರೆಯಬೇಕಾಗಿತ್ತು. ಓದುಗರಲ್ಲಿ ಯಾರಾದರೂ ನಾಯಿಯನ್ನು ತರುವ ಯೋಚನೆಯಲ್ಲಿದ್ದರೆ, ಆ ಕಾಗದವನ್ನು ಈ ರಾತ್ರಿಯೇ, ಮನೆಯವರೆಲ್ಲರೂ ಊಟಕ್ಕೆ ಕುಳಿತಾಗ, ಬರೆಯಲಿ.