ಜಿಲ್ಲೆಯ ಅಂಕಿ ಅಂಶಗಳನ್ನು ಅಂತರ್ಜಾಲದಲ್ಲಿ ಹುಡುಕುವ ಬಗೆ

ಬ್ಯಾಂಕಿಗೆ ಸಾಲದ ಅರ್ಜಿಯೊಂದಿಗೆ ಸಲ್ಲಿಸುವ ಯೋಜನಾ ವರದಿಯಲ್ಲಿ ‘ಮಾರುಕಟ್ಟೆಯ ಸಾಧ್ಯತೆ’ ಎಂಬ ಪುಟವೊಂದು ಇದ್ದೇ ಇರುತ್ತದೆ. ಬಹುತೇಕ ವರದಿಗಳಲ್ಲಿ ಈ ಪುಟವು ಹಿಂದಿನ ಯಾವುದೋ ವರದಿಯ ನಕಲಾಗಿರುತ್ತದೆ. ಜಿಲ್ಲೆಯ ಜನಸಂಖ್ಯೆ ಇಷ್ಟು ಲಕ್ಷ, ಆದುದರಿಂದ ಬೇಡಿಕೆಗೆ ಕೊರತೆಯಿಲ್ಲ ಎಂಬ ಎರಡು ವಾಕ್ಯಗಳಲ್ಲಿ ವಿಷಯ ಮುಗಿದಿರುತ್ತದೆ. ಬ್ಯಾಂಕಿನ ಅಧಿಕಾರಿ ಆ ಪುಟವನ್ನು ತಿರುವಿ ಮುಂದೆ ಹೋಗಬಹುದು; ಆದರೆ ಕಂತು ಕಟ್ಟಬೇಕಾದ ಉದ್ಯಮಿಗೆ ಆ ಅನುಕೂಲವಿಲ್ಲ. ಯಂತ್ರ ಬಂದು ಕುಳಿತ ಮೇಲೆ ಗಿರಾಕಿಗಳ ಸಂಖ್ಯೆ ತಪ್ಪಾಗಿತ್ತೆಂದು ತಿಳಿದರೆ ಮಾಡುವುದೇನು?

ಜಿಲ್ಲೆ, ತಾಲ್ಲೂಕು, ಹಲವೆಡೆ ಗ್ರಾಮದ ಮಟ್ಟದವರೆಗೂ ಸರ್ಕಾರದ ಅಂಕಿ ಅಂಶಗಳು ಇಂದು ಅಂತರ್ಜಾಲದಲ್ಲಿ ಯಾವ ಶುಲ್ಕವೂ ಇಲ್ಲದೆ ದೊರೆಯುತ್ತವೆ. ಆದುದರಿಂದ ಅಂಕಿಯನ್ನು ಪಡೆಯುವುದು ಕಷ್ಟವಲ್ಲ. ದೊರೆತ ಅಂಕಿ ಯಾವ ಪ್ರದೇಶದ್ದು, ಯಾವ ದಿನದ್ದು, ಏನನ್ನು ಎಣಿಸಿದೆ ಎಂಬುದನ್ನು ತಿಳಿಯುವುದರಲ್ಲಿಯೇ ಶ್ರಮವಿದೆ. ದಾವಣಗೆರೆ ಜಿಲ್ಲೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಕ್ರಮವನ್ನು ನೋಡೋಣ.

ಮನೆಯ ಮೇಲಿಡುವ ಪ್ಲಾಸ್ಟಿಕ್ ನೀರಿನ ಟ್ಯಾಂಕ್ ತಯಾರಿಸುವ ಸಣ್ಣ ಘಟಕವೊಂದಿದೆ ಎಂದುಕೊಳ್ಳೋಣ. ದಾವಣಗೆರೆಯಲ್ಲಿ ಮಾರುತ್ತಿರುವ ಮಾಲನ್ನು ನೆರೆಯ ವಿಜಯನಗರ ಜಿಲ್ಲೆಗೂ ವಿಸ್ತರಿಸಬೇಕೆಂಬುದು ಮಾಲೀಕರ ಆಲೋಚನೆ. ಅವರಿಗೆ ಬೇಕಾದುದು ಕೇವಲ ಜನಸಂಖ್ಯೆಯಲ್ಲ. ಹುಲ್ಲು ಅಥವಾ ತಗಡಿನ ಛಾವಣಿಯ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಕೂರುವುದಿಲ್ಲ. ಕಾಂಕ್ರೀಟ್ ಛಾವಣಿಯ ಮನೆಗಳೆಷ್ಟು, ಆವರಣದೊಳಗೆ ನೀರಿನ ಸೌಲಭ್ಯ ಇರುವ ಮನೆಗಳೆಷ್ಟು ಎಂಬುದು ಅವರ ನಿಜವಾದ ಪ್ರಶ್ನೆ. ಭಾರತದ ಜನಗಣತಿಯ ಜಾಲತಾಣದಲ್ಲಿ ಇವೆರಡಕ್ಕೂ ಉತ್ತರವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಜನಗಣತಿಯ ಜಾಲತಾಣದಲ್ಲಿ ‘ಸೆನ್ಸಸ್ ಟೇಬಲ್ಸ್’ ಎಂಬ ವಿಭಾಗವನ್ನು ತೆರೆದು, ವರ್ಷ ಮತ್ತು ರಾಜ್ಯವನ್ನು ಆಯ್ದುಕೊಂಡರೆ ಕೋಷ್ಟಕಗಳ ದೊಡ್ಡ ಪಟ್ಟಿ ಬರುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ವ್ಯಾಪಾರಿಗೆ ಮೊದಲು ಬೇಕಾಗುವುದು ಎರಡೇ. ‘ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರಾಕ್ಟ್’ ಎಂಬುದರಲ್ಲಿ ಗ್ರಾಮ ಮತ್ತು ಪಟ್ಟಣದ ವಾರ್ಡುಗಳವರೆಗೆ ಕುಟುಂಬಗಳ ಸಂಖ್ಯೆ, ಜನಸಂಖ್ಯೆ, ಸಾಕ್ಷರರು ಹಾಗೂ ದುಡಿಯುವವರ ಲೆಕ್ಕವಿದೆ. ಮನೆಗಣತಿಯ ಕೋಷ್ಟಕಗಳಲ್ಲಿ ಛಾವಣಿ, ಗೋಡೆ, ನೀರು, ದೀಪ, ಅಡುಗೆ ಇಂಧನ, ದೂರದರ್ಶನ, ಸೈಕಲ್ಲು, ದ್ವಿಚಕ್ರ ವಾಹನ, ಕಾರು, ಬ್ಯಾಂಕ್ ಸೇವೆ ಇವುಗಳ ವಿವರವಿದೆ. ಕೆಳಹಂತದ ಮನೆಗಣತಿ ಕೋಷ್ಟಕಗಳಲ್ಲಿ ಅಂಕಿಗಳು ಶೇಕಡಾವಾರು ಇರುತ್ತವೆ. ಅವುಗಳನ್ನು ಆಯಾ ಊರಿನ ಕುಟುಂಬಗಳ ಸಂಖ್ಯೆಯಿಂದ ಗುಣಿಸಿ ನೂರರಿಂದ ಭಾಗಿಸಿದ ಮೇಲೆಯೇ ಮನೆಗಳ ಲೆಕ್ಕ ಸಿಗುತ್ತದೆ. ಕಾಂಕ್ರೀಟ್ ಛಾವಣಿಯ ಶೇಕಡಾವಾರು ಹೆಚ್ಚಿರುವ ಚಿಕ್ಕ ಊರಿಗಿಂತ ಕಡಿಮೆಯಿರುವ ದೊಡ್ಡ ಊರು ಟ್ಯಾಂಕ್ ಮಾರುವವರಿಗೆ ಮೇಲಾಗಬಹುದು. ಕೋಷ್ಟಕಗಳು ಎಕ್ಸೆಲ್ ಕಡತಗಳಾಗಿ ಇಳಿಯುವುದರಿಂದ ಅಂಗಡಿಯ ಲೆಕ್ಕಪತ್ರ ನೋಡುವ ಹುಡುಗನೇ ಈ ಗುಣಾಕಾರವನ್ನು ಮಾಡಿಕೊಡಬಲ್ಲನು.

ಜಿಲ್ಲಾ ಜನಗಣತಿ ಕೈಪಿಡಿ ಎಂಬ ಇನ್ನೊಂದು ಪ್ರಕಟಣೆಯೂ ಅದೇ ತಾಣದಲ್ಲಿ ಉಂಟು. ಊರಿನಲ್ಲಿ ಬ್ಯಾಂಕು, ಬಸ್ಸು, ಡಾಂಬರು ರಸ್ತೆ, ಸಂತೆ ಇವೆಯೇ, ಅಲ್ಲಿ ಮುಖ್ಯವಾಗಿ ತಯಾರಾಗುವ ವಸ್ತುಗಳಾವುವು ಎಂಬ ವಿವರವನ್ನು ಇದರಲ್ಲಿ ಗ್ರಾಮವಾರು ಕೊಟ್ಟಿದ್ದಾರೆ. ಹೊಸ ವಿತರಕರನ್ನು ನೇಮಿಸುವ ಮುನ್ನ ಇದರ ಮೇಲೆ ಒಮ್ಮೆ ಕಣ್ಣಾಡಿಸುವುದು ವ್ಯರ್ಥವಾಗಲಾರದು.

ಇಲ್ಲಿಯವರೆಗೆ ದಾರಿ ಸುಲಭ. ತೊಡಕು ಮುಂದಿದೆ.

2011ರ ಜನಗಣತಿಯಂತೆ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19,45,497. ಇಂದಿಗೂ ವರದಿಗಳಲ್ಲಿ ಕಾಣಸಿಗುವುದು ಇದೇ ಅಂಕಿ. ಆದರೆ ಈ ಮೊತ್ತದಲ್ಲಿ ಹರಪನಹಳ್ಳಿ ತಾಲ್ಲೂಕು ಸೇರಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಬಳ್ಳಾರಿಯಿಂದ ಬಂದ ಹರಪನಹಳ್ಳಿಯು 2018ರಲ್ಲಿ ಮರಳಿ ಬಳ್ಳಾರಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರ ಪಾಲಾಯಿತು. ಆ ತಾಲ್ಲೂಕಿನ ಸುಮಾರು ಮೂರು ಲಕ್ಷ ಜನರನ್ನು ಕಳೆದರೆ ಈಗಿನ ಎಲ್ಲೆಯೊಳಗಿನ ದಾವಣಗೆರೆಯ 2011ರ ಜನಸಂಖ್ಯೆ ಹದಿನಾರೂವರೆ ಲಕ್ಷದಷ್ಟು ಮಾತ್ರ. ತಾಲ್ಲೂಕುಗಳನ್ನು ಎಣಿಸಿ ನೋಡಿದರೂ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಗ ದಾವಣಗೆರೆ, ಹರಿಹರ, ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ ಎಂದು ಆರು ತಾಲ್ಲೂಕುಗಳಿದ್ದವು. ಹೊನ್ನಾಳಿಯಿಂದ ನ್ಯಾಮತಿ ಬೇರ್ಪಟ್ಟ ಕಾರಣ ಹರಪನಹಳ್ಳಿ ಹೋದ ಮೇಲೆಯೂ ಆರೇ ಉಳಿದಿವೆ. ಸಂಖ್ಯೆ ಒಂದೇ, ನೆಲ ಬೇರೆ.

ಈ ತಪ್ಪನ್ನು ಈ ಲೇಖಕನೂ ಮಾಡಿದ್ದುಂಟು. ಎರಡೂ ಜಿಲ್ಲೆಗಳ ಮಾರುಕಟ್ಟೆಯನ್ನು ಲೆಕ್ಕ ಹಾಕುವಾಗ ದಾವಣಗೆರೆಯ 2011ರ ಮೊತ್ತಕ್ಕೆ ವಿಜಯನಗರದ ತಾಲ್ಲೂಕುಗಳನ್ನು ಕೂಡಿಸಿದೆ. ಮಾಲು ಸಾಗಿಸುವ ವಾಹನದ ಮಾರ್ಗಪಟ್ಟಿ ಬರೆಯಲು ಕುಳಿತಾಗ ಹರಪನಹಳ್ಳಿಯ ಹೆಸರು ಎರಡೂ ಪಟ್ಟಿಗಳಲ್ಲಿ ಕಂಡಿತು. ಮನೆಗೆ ಐವರಂತೆ ಹಿಡಿದರೆ ಮೂರು ಲಕ್ಷ ಜನರೆಂದರೆ ಅರವತ್ತು ಸಾವಿರ ಮನೆಗಳು. ಇಪ್ಪತ್ತು ಮನೆಗೆ ಒಂದರಂತೆ ವರ್ಷಕ್ಕೆ ಟ್ಯಾಂಕ್ ಮಾರಾಟವಾಗುವುದೆಂದು ಯಾರಾದರೂ ಅಂದಾಜಿಸಿದ್ದರೆ, ಇಲ್ಲದ ಗಿರಾಕಿಗಳಿಗಾಗಿ ಮೂರು ಸಾವಿರ ಟ್ಯಾಂಕುಗಳು ತಯಾರಾಗಿ ಗೋದಾಮು ಸೇರುತ್ತಿದ್ದವು!

ವಿಜಯನಗರದ ಲೆಕ್ಕ ಇನ್ನೂ ಸೂಕ್ಷ್ಮ. 2011ರ ಕೋಷ್ಟಕಗಳಲ್ಲಿ ಆ ಹೆಸರಿನ ಜಿಲ್ಲೆಯೇ ಇಲ್ಲ. ಬಳ್ಳಾರಿಯ ಕಡತದಿಂದ ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿಗಳನ್ನೂ, ದಾವಣಗೆರೆಯ ಕಡತದಿಂದ ಹರಪನಹಳ್ಳಿಯನ್ನೂ ಆರಿಸಿ ಕೂಡಿಸಬೇಕು. ಕೊಟ್ಟೂರನ್ನು ಬೇರೆಯಾಗಿ ಹುಡುಕಬೇಕಿಲ್ಲ. ಅದು ಆಗ ಕೂಡ್ಲಿಗಿಯೊಳಗಿತ್ತು. ಆದರೆ ಹೊಸಪೇಟೆ ತಾಲ್ಲೂಕನ್ನು ಇಡಿಯಾಗಿ ತೆಗೆದುಕೊಳ್ಳುವಂತಿಲ್ಲ. ಅದರಿಂದ ಬೇರೆಯಾದ ಕಂಪ್ಲಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿದೆ. ಹೀಗಾಗಿ ಕಂಪ್ಲಿ ಭಾಗದ ಊರುಗಳನ್ನು ಗ್ರಾಮಪಟ್ಟಿಯಿಂದ ಗುರುತಿಸಿ ಕಳೆಯಬೇಕು. ಪ್ರತಿ ಗ್ರಾಮಕ್ಕೂ ಆರಂಕಿಯ ಸಂಕೇತ ಸಂಖ್ಯೆ ಇರುವುದರಿಂದ ಅರ್ಧ ದಿನದಲ್ಲಿ ಮುಗಿಯುವ ಕೆಲಸವಿದು.

ಹೆಸರುಗಳ ತೊಡಕೂ ಇದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಆಂಗ್ಲ ಕಾಗುಣಿತ ಬದಲಾಯಿತು. 2011ರ ದತ್ತಾಂಶದಲ್ಲಿ ಬೆಳಗಾವಿಯು ‘ಬೆಲ್ಗಾಮ್’, ಕಲಬುರಗಿಯು ‘ಗುಲ್ಬರ್ಗ’, ಶಿವಮೊಗ್ಗವು ‘ಶಿಮೊಗ’. ಹೊಸ ಕಾಗುಣಿತವನ್ನು ಒತ್ತಿ ಏನೂ ಸಿಗಲಿಲ್ಲವೆಂದು ಗಣಕಯಂತ್ರವನ್ನು ಮುಚ್ಚಿಟ್ಟವರನ್ನು ನಾನು ಬಲ್ಲೆ. ಹೆಸರಿಗಿಂತ ಸಂಕೇತ ಸಂಖ್ಯೆಯನ್ನು ನಂಬುವುದು ಒಳಿತು: 2011ರ ಗಣತಿಯಲ್ಲಿ ಕರ್ನಾಟಕ 29, ಬಳ್ಳಾರಿ 565, ದಾವಣಗೆರೆ 567.

ಇನ್ನು ದಿನಾಂಕದ ಮಾತು. ಮನೆಗಣತಿ ನಡೆದುದು 2010ರಲ್ಲಿ, ಜನರ ಎಣಿಕೆ 2011ರ ಫೆಬ್ರವರಿಯಲ್ಲಿ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೂಡಲ್ಪಟ್ಟಿತು. 2025ರ ಜೂನ್ ತಿಂಗಳ ಅಧಿಸೂಚನೆಯು ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಪಡಿಸಿತು. ಜೊತೆಗೆ, ಮೊದಲು ಬರುವ ತಾತ್ಕಾಲಿಕ ಅಂಕಿಗೂ ಅಂತಿಮ ಅಂಕಿಗೂ ವ್ಯತ್ಯಾಸವಿರುತ್ತದೆ. 2011ರಲ್ಲಿ ಕರ್ನಾಟಕದ ತಾತ್ಕಾಲಿಕ ಜನಸಂಖ್ಯೆ 6,11,30,704 ಇದ್ದುದು ಅಂತಿಮವಾಗಿ 6,10,95,297 ಆಯಿತು. ಎರಡೂ ಅಂಕಿಗಳು ಅಂತರ್ಜಾಲದಲ್ಲಿ ಈಗಲೂ ಓಡಾಡುತ್ತಿವೆ.

ಹಳೆಯ ಗಣತಿಯ ಅಂಕಿಯನ್ನು ಬೆಳವಣಿಗೆಯ ದರ ಹಿಡಿದು ಎಳೆದು ಉದ್ದ ಮಾಡುವುದಕ್ಕಿಂತ, ತಿಂಗಳು ತಿಂಗಳೂ ಹೊಸದಾಗುವ ದತ್ತಾಂಶವನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಕ್ಷೇಮಕರ. ಕೇಂದ್ರ ಸಾರಿಗೆ ಸಚಿವಾಲಯದ ‘ವಾಹನ್’ ಫಲಕದಲ್ಲಿ ಸಾರಿಗೆ ಕಚೇರಿವಾರು, ತಿಂಗಳುವಾರು ನೋಂದಣಿಯಾದ ವಾಹನಗಳ ಲೆಕ್ಕ ದೊರೆಯುತ್ತದೆ. ಟೈರು, ಬಿಡಿಭಾಗ, ಟ್ರ್ಯಾಕ್ಟರ್ ಉಪಕರಣಗಳ ವ್ಯಾಪಾರಿಗಳಿಗೆ ಇದಕ್ಕಿಂತ ಹತ್ತಿರದ ಮಾಹಿತಿ ಬೇರೊಂದಿಲ್ಲ. ದಾವಣಗೆರೆಯ ಕೆಎ–17, ಹೊಸಪೇಟೆಯ ಕೆಎ–35 ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಭಾರತೀಯ ರಿಸರ್ವ್ ಬ್ಯಾಂಕಿನ ದತ್ತಾಂಶ ತಾಣವು ಜಿಲ್ಲಾವಾರು ಬ್ಯಾಂಕ್ ಶಾಖೆ, ಠೇವಣಿ ಮತ್ತು ಸಾಲದ ಮೊತ್ತವನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತದೆ. ಇಲ್ಲಿಯೂ ಒಂದು ಎಚ್ಚರ ಬೇಕು. ಠೇವಣಿಯು ಶಾಖೆಯಿರುವ ಜಿಲ್ಲೆಯ ಲೆಕ್ಕಕ್ಕೆ ಬರುತ್ತದೆಯೇ ಹೊರತು ಠೇವಣಿದಾರನ ಊರಿನ ಲೆಕ್ಕಕ್ಕಲ್ಲ. ಒಂದೆಡೆ ಮಂಜೂರಾದ ಸಾಲ ಇನ್ನೊಂದೆಡೆ ಬಳಕೆಯಾಗುವುದೂ ಉಂಟು.

ಪ್ರತಿಸ್ಪರ್ಧಿಗಳೆಷ್ಟು ಎಂದು ತಿಳಿಯಲು ಕೆಲವರು ‘ಉದ್ಯಮ್’ ನೋಂದಣಿಯ ಅಂಕಿಯನ್ನು ನೋಡುತ್ತಾರೆ. 2020ರ ಜುಲೈ 1ರಂದು ಆರಂಭವಾದ ಈ ನೋಂದಣಿಗೆ 2021ರ ಜುಲೈಯಿಂದ ಸಗಟು ಮತ್ತು ಚಿಲ್ಲರೆ ವರ್ತಕರೂ ಸೇರಿದರು. ಆದುದರಿಂದ ಸಂಖ್ಯೆ ಏರಿದ ಮಾತ್ರಕ್ಕೆ ಅಷ್ಟು ಹೊಸ ಘಟಕಗಳು ತೆರೆದವೆಂದು ತಿಳಿಯುವಂತಿಲ್ಲ; ಇಪ್ಪತ್ತು ವರ್ಷದ ಹಳೆಯ ಅಂಗಡಿ ನಿನ್ನೆ ನೋಂದಾಯಿಸಿದ್ದರೂ ಅದು ಹೊಸ ಸಾಲಾಗಿಯೇ ಕಾಣುತ್ತದೆ.

ಕೃಷಿ ಉತ್ಪನ್ನಗಳ ವ್ಯಾಪಾರಿಗಳಿಗೆ 2000ದಲ್ಲಿ ಆರಂಭವಾದ ‘ಆಗ್‌ಮಾರ್ಕ್‌ನೆಟ್’ ಪರಿಚಿತವೇ. ಆವಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆಗಳು ಅಲ್ಲಿ ದಿನವಹಿ ಸಿಗುತ್ತವೆ. ಮಾದರಿ ಬೆಲೆಯೆಂದರೆ ಸರಾಸರಿಯಲ್ಲ, ಹೆಚ್ಚಿನ ಮಾಲು ಕೈಬದಲಿಸಿದ ಬೆಲೆ. ಮಾರುಕಟ್ಟೆಯ ಆವಕವನ್ನು ಜಿಲ್ಲೆಯ ಉತ್ಪಾದನೆಯೆಂದು ಭಾವಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಬ್ಯಾಡಗಿಗೆ ಬರುವ ಮೆಣಸಿನಕಾಯಿಯಲ್ಲಿ ಬಳ್ಳಾರಿ, ರಾಯಚೂರು ಭಾಗದ್ದೂ ಆಂಧ್ರದ್ದೂ ಇರುತ್ತದೆ. ಆವಕದ ಅಂಕಿಯನ್ನು ಕಂಡು ಹಾವೇರಿ ಜಿಲ್ಲೆಯ ರೈತರಿಗಾಗಿ ಒಣಗಿಸುವ ಯಂತ್ರ ತಯಾರಿಸಹೊರಟವರು ಮೊದಲು ಬೆಳೆಯ ವಿಸ್ತೀರ್ಣದ ಕೋಷ್ಟಕವನ್ನು ನೋಡಬೇಕು. ಅದು ಕೃಷಿ ಸಚಿವಾಲಯದ ಅಂಕಿ ಅಂಶ ವಿಭಾಗದಲ್ಲಿ ಜಿಲ್ಲಾವಾರು ಲಭ್ಯವಿದೆ.

ಕೇಂದ್ರ ಸಾಂಖ್ಯಿಕ ಸಚಿವಾಲಯವು 2024ರ ಜೂನ್ 29ರ ಸಾಂಖ್ಯಿಕ ದಿನದಂದು ‘ಇ–ಸಾಂಖ್ಯಿಕಿ’ ಎಂಬ ತಾಣವನ್ನು ತೆರೆಯಿತು. ಬೆಲೆ ಸೂಚ್ಯಂಕ, ಕೈಗಾರಿಕಾ ಉತ್ಪಾದನೆ, ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ ಮೊದಲಾದವು ಅಲ್ಲಿ ಒಂದೇ ಕಡೆ ಸಿಗುತ್ತವೆ. ಆದರೆ ಅವು ಮುಖ್ಯವಾಗಿ ರಾಷ್ಟ್ರ ಮತ್ತು ರಾಜ್ಯದ ಮಟ್ಟದವು. ಕಾರ್ಖಾನೆಗಳ ಸಮೀಕ್ಷೆಯು ವಿದ್ಯುತ್ ಬಳಸಿ ಹತ್ತು ಅಥವಾ ವಿದ್ಯುತ್ ಇಲ್ಲದೆ ಇಪ್ಪತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ನಮ್ಮಂಥ ಘಟಕಗಳನ್ನು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ಅವುಗಳಿಗಾಗಿ ಅಸಂಘಟಿತ ಉದ್ಯಮಗಳ ಪ್ರತ್ಯೇಕ ಸಮೀಕ್ಷೆಯಿದೆ. 2023–24ರಲ್ಲಿ ಅದು ದೇಶದಲ್ಲಿ ಸುಮಾರು 7.34 ಕೋಟಿ ಉದ್ಯಮಗಳನ್ನು ಅಂದಾಜಿಸಿತು. ರಾಜ್ಯದ ಇಂತಹ ಅಂಕಿಯನ್ನು ಜನಸಂಖ್ಯೆಯ ಅನುಪಾತದಲ್ಲಿ ಜಿಲ್ಲೆಗಳಿಗೆ ಹಂಚಿ ಬರೆಯುವ ರೂಢಿಯೊಂದು ಬೆಳೆದಿದೆ. ಬೆಂಗಳೂರು ಸೇರಿರುವ ರಾಜ್ಯದಲ್ಲಿ ಹೀಗೆ ಹಂಚಿದರೆ ಉಳಿದ ಜಿಲ್ಲೆಗಳಿಗೆ ಇಲ್ಲದ ಕಾರ್ಖಾನೆಗಳು ಬಂದು ಸೇರುತ್ತವೆ. ಅಂಕಿ ಇಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡುವುದೇ ವಾಸಿ.

ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವು ಜಿಲ್ಲಾವಾರು ಅಂಕಿ ಅಂಶಗಳ ಪುಸ್ತಿಕೆಗಳನ್ನು ಹೊರತರುತ್ತದೆ. ಹೊಸ ತಾಲ್ಲೂಕುಗಳ ಎಲ್ಲೆಯ ಬಗ್ಗೆ ಸಂದೇಹವಿದ್ದರೆ ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಹೋಗುವಾಗ ‘ಜಿಲ್ಲೆಯ ಮಾಹಿತಿ ಕೊಡಿ’ ಎಂದು ಕೇಳದೆ, ಯಾವ ತಾಲ್ಲೂಕು, ಯಾವ ವರ್ಷ, ಯಾವ ವಿಷಯ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಅನುಕೂಲ. ಕೋಷ್ಟಕವನ್ನು ಇಳಿಸಿಕೊಂಡಾಗ ಅದರ ಶೀರ್ಷಿಕೆ, ಅಂಕಿಯ ವರ್ಷ, ಇಳಿಸಿಕೊಂಡ ದಿನಾಂಕ ಇವನ್ನು ಮೇಲ್ಭಾಗದಲ್ಲಿ ಬರೆದು, ಅಡಿಟಿಪ್ಪಣಿಗಳ ಸಮೇತ ಮುದ್ರಿಸಿ ಯೋಜನಾ ವರದಿಯ ಕಡತಕ್ಕೆ ಲಗತ್ತಿಸಿರಿ. ಜಾಲತಾಣಗಳು ನವೀಕರಣಗೊಂಡಾಗ ಹಳೆಯ ಪುಟಗಳು ಸ್ಥಳ ಬದಲಿಸುತ್ತವೆ, ಬ್ಯಾಂಕಿನವರ ಪ್ರಶ್ನೆ ಬರುವುದು ಹೆಚ್ಚಾಗಿ ಅದಾದ ಮೇಲೆಯೇ.