ಎಡಿಟರ್ ಬಿಡದೆ ಮಾಡುವ ಕೆಲಸ

ಕಂಪ್ಯೂಟರಿನಲ್ಲಿ ಬರಿಯ ಪಠ್ಯವನ್ನು ಬರೆಯಲು, ತಿದ್ದಲು ಬಳಸುವ ತಂತ್ರಾಂಶ ಟೆಕ್ಸ್ಟ್ ಎಡಿಟರ್. ಒಳ್ಳೆಯ ಎಡಿಟರಿಗೆ ಇನ್ನೊಂದು ಶಕ್ತಿಯೂ ಇರುತ್ತದೆ. ತೆರೆದಿರುವ ಕಡತದ ಒಂದು ಭಾಗವನ್ನು ಅದು ಹೊರಗಿನ ಬೇರೊಂದು ಪ್ರೋಗ್ರಾಮಿಗೆ ಒಪ್ಪಿಸಿ, ಆ ಪ್ರೋಗ್ರಾಮು ಕೊಟ್ಟದ್ದನ್ನು ಅದೇ ಜಾಗದಲ್ಲಿ ತಂದು ಕೂರಿಸಬಲ್ಲದು. ಬೆಳ್ತಂಗಡಿ ತಾಲ್ಲೂಕಿನ ಊರುಗಳ ಪಟ್ಟಿಯೊಂದು ಎಡಿಟರಿನಲ್ಲಿದೆ, ಅದನ್ನು ಅಕಾರಾದಿಯಾಗಿ ಜೋಡಿಸಬೇಕಿದೆ ಎಂದುಕೊಳ್ಳೋಣ. ಪಟ್ಟಿಯನ್ನು ನಕಲು ಮಾಡಿ ಬೇರೆ ತಂತ್ರಾಂಶಕ್ಕೆ ಒಯ್ದು ಮರಳಿ ತರುವ ಅಗತ್ಯವಿಲ್ಲ. ಸಾಲುಗಳನ್ನು ಆಯ್ದು, ಜೋಡಿಸುವ ಪ್ರೋಗ್ರಾಮಿನ ಹೆಸರು ಬರೆದರೆ ಸಾಕು.

ಈ ಪದ್ಧತಿ ಯುನಿಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಜೊತೆಗೆ ಬೆಳೆದದ್ದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ 1969ರಲ್ಲಿ ಬರೆದ ‘ಎಡ್’ ಒಂದೊಂದೇ ಸಾಲನ್ನು ತಿದ್ದುವ ಸರಳ ಎಡಿಟರ್. ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಮುಂದೆ ಏನು ಬರೆದರೂ ಅದು ಶೆಲ್‌ಗೆ, ಎಂದರೆ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮಿಗೆ, ಹೋಗುತ್ತದೆ. 1973ರಲ್ಲಿ ಡಗ್ಲಸ್ ಮೆಕ್‌ಇಲ್ರಾಯ್ ಅವರ ಒತ್ತಾಯದಿಂದ ಯುನಿಕ್ಸ್‌ಗೆ ಪೈಪ್ ಬಂತು. ಒಂದು ಪ್ರೋಗ್ರಾಮಿನಿಂದ ಹೊರಬಂದದ್ದು ನೇರವಾಗಿ ಇನ್ನೊಂದರ ಒಳಕ್ಕೆ ಹರಿಯುವ ವ್ಯವಸ್ಥೆ ಅದು. ಒಂದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಚಿಕ್ಕ ಪ್ರೋಗ್ರಾಮುಗಳು ಸಾಲಾಗಿ ಹುಟ್ಟಿಕೊಂಡದ್ದು ಆಮೇಲೆ. ಸಾಲುಗಳನ್ನು ಹುಡುಕುವ ‘ಗ್ರೆಪ್’ ಹುಟ್ಟಿದ್ದಂತೂ ಎಡ್‌ನ ಹೊಟ್ಟೆಯಿಂದಲೇ. ಎಡಿಟರಿನೊಳಗಿದ್ದ ಹುಡುಕುವ ಭಾಗವನ್ನು ಥಾಂಪ್ಸನ್ ಹೊರತೆಗೆದು ಸ್ವತಂತ್ರ ಪ್ರೋಗ್ರಾಮು ಮಾಡಿದರು. ಬರ್ಕ್ಲಿಯಲ್ಲಿ ಬಿಲ್ ಜಾಯ್ 1976ರ ಹೊತ್ತಿಗೆ ರೂಪಿಸಿದ ‘ವಿಐ’ ಇಡೀ ಪರದೆಯ ಎಡಿಟರ್ ಆಯಿತು. ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ‘ವಿಮ್’ ಅದರದೇ ವಂಶದ್ದು. ಆಶ್ಚರ್ಯಸೂಚಕ ಚಿಹ್ನೆಗೆ ಈ ಇಡೀ ವಂಶದಲ್ಲಿ ಇಂದಿಗೂ ಅದೇ ಅರ್ಥ.

ವಿಮ್‌ನಲ್ಲಿ ಇದನ್ನು ಬಳಸುವ ರೀತಿ ಮುಖ್ಯವಾಗಿ ನಾಲ್ಕು. ಆಜ್ಞೆಗಳನ್ನು ಟೈಪಿಸುವುದು ರೋಮನ್ ಅಕ್ಷರಗಳಲ್ಲಿ; ಇಲ್ಲಿ ಅವುಗಳ ಉಚ್ಚಾರವನ್ನಷ್ಟೇ ಕೊಟ್ಟಿದೆ. ಕೋಲನ್ ಒತ್ತಿ ಆಶ್ಚರ್ಯಸೂಚಕದ ಮುಂದೆ ಆಜ್ಞೆ ಬರೆದರೆ ಅದು ನಡೆದು ಫಲಿತಾಂಶ ಪರದೆಯ ಮೇಲೆ ಕಾಣುತ್ತದೆ, ಕಡತಕ್ಕೆ ಏನೂ ಆಗುವುದಿಲ್ಲ. ಚಿಹ್ನೆಯ ಹಿಂದೆ ‘ಆರ್’ ಅಕ್ಷರ ಸೇರಿಸಿದರೆ ಫಲಿತಾಂಶ ಕರ್ಸರ್ ಇರುವ ಸಾಲಿನ ಕೆಳಗೆ ಬಂದು ಸೇರುತ್ತದೆ. ‘ಡೇಟ್’ ಎಂಬ ಆಜ್ಞೆ ಕೊಟ್ಟರೆ ಇಂದಿನ ತಾರೀಖು ಕಡತದಲ್ಲಿ ಮೂಡುತ್ತದೆ. ‘ಡಬ್ಲ್ಯು’ ಬರೆದು, ಒಂದು ತೆರಪು ಬಿಟ್ಟು ಚಿಹ್ನೆ ಹಾಕಿದರೆ ಕಡತದ ಪಠ್ಯ ಆ ಪ್ರೋಗ್ರಾಮಿಗೆ ಹೋಗುತ್ತದೆ, ಆದರೆ ಕಡತ ಇದ್ದಂತೆಯೇ ಉಳಿಯುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಉಪಯುಕ್ತ. ಸಾಲುಗಳ ವ್ಯಾಪ್ತಿಯನ್ನು ಹೇಳಿ ನೇರವಾಗಿ ಚಿಹ್ನೆ ಮತ್ತು ಆಜ್ಞೆ ಬರೆದರೆ ಆ ಸಾಲುಗಳು ಹೊರಹೋಗಿ, ಅವುಗಳ ಜಾಗಕ್ಕೆ ಪ್ರೋಗ್ರಾಮಿನ ಉತ್ತರ ಬರುತ್ತದೆ. ವ್ಯಾಪ್ತಿಯ ಜಾಗದಲ್ಲಿ % ಬರೆದರೆ ಇಡೀ ಕಡತ ಎಂದರ್ಥ. ಇದನ್ನು ಫಿಲ್ಟರ್ ಎನ್ನುತ್ತಾರೆ.

ಒಳಗೆ ನಡೆಯುವುದು ಇಷ್ಟು. ಎಡಿಟರ್ ಹೊಸದೊಂದು ಶೆಲ್ ಎಬ್ಬಿಸುತ್ತದೆ, ಆಯ್ದ ಸಾಲುಗಳನ್ನು ಪೈಪ್ ಮೂಲಕವೋ ತಾತ್ಕಾಲಿಕ ಕಡತದ ಮೂಲಕವೋ ಅದಕ್ಕೆ ಉಣಿಸುತ್ತದೆ, ಬಂದದ್ದನ್ನು ಓದಿಕೊಳ್ಳುತ್ತದೆ. ಪ್ರೋಗ್ರಾಮಿಗೆ ತಾನು ಎಡಿಟರಿನಿಂದ ಕರೆಸಿಕೊಂಡಿದ್ದೇನೆ ಎಂಬುದು ಗೊತ್ತಿರಬೇಕಾಗಿಲ್ಲ. ಓದಬಲ್ಲ, ಬರೆಯಬಲ್ಲ ಯಾವ ಪ್ರೋಗ್ರಾಮಾದರೂ ಆದೀತು. ಎಡಿಟರ್ ಬರೆದವರು ಕನಸಿನಲ್ಲೂ ನೆನೆಯದ ಕೆಲಸವನ್ನು ಅದರಿಂದ ಮಾಡಿಸಲು ಸಾಧ್ಯವಾಗುವುದು ಈ ಕಾರಣಕ್ಕೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಮಾತು ಬಹಳ ದೊಡ್ಡದು, ಏಕೆಂದರೆ ಬಹುತೇಕ ಎಡಿಟರುಗಳನ್ನು ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ರೂಪಿಸಿಲ್ಲ.

ಮೊದಲು ಎಣಿಕೆ. ಪದ, ಅಕ್ಷರ, ಸಾಲುಗಳನ್ನು ಎಣಿಸುವ ಹಳೆಯ ಯುನಿಕ್ಸ್ ಆಜ್ಞೆ ‘ಡಬ್ಲ್ಯುಸಿ’. ‘ಬಂಟ್ವಾಳ’ ಎಂಬ ಹೆಸರನ್ನು ಅದಕ್ಕೆ ಕೊಟ್ಟರೆ ಉತ್ತರ 21 ಬೈಟ್ ಅಥವಾ 7 ಅಕ್ಷರ. ಎಡಿಟರ್ ಇಡೀ ಸಾಲನ್ನು ಕಳಿಸುವುದರಿಂದ ಸಾಲಿನ ಕೊನೆಯ ಗುರುತೂ ಸೇರಿ ಎರಡರಲ್ಲೂ ಒಂದು ಹೆಚ್ಚೇ ಕಾಣುತ್ತದೆ. ಓದುವವರ ಕಣ್ಣಿಗೆ ಕಾಣುವುದು ಮಾತ್ರ ಬಂ, ಟ್ವಾ, ಳ ಎಂಬ ಮೂರೇ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್ ಈ ಹೆಸರನ್ನು ಬ, ಅನುಸ್ವಾರ, ಟ, ವಿರಾಮ, ವ, ಆಕಾರದ ಚಿಹ್ನೆ, ಳ ಎಂದು ಏಳು ಸಂಕೇತಗಳಾಗಿ ಇಡುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಇದೇ ಲೆಕ್ಕದಲ್ಲಿ ‘ಬೆಳ್ತಂಗಡಿ’ ನಾಲ್ಕು ಅಕ್ಷರ, 9 ಸಂಕೇತ, 27 ಬೈಟ್. ‘ಮೂಡುಬಿದಿರೆ’ ಐದು ಅಕ್ಷರ, 10 ಸಂಕೇತ, 30 ಬೈಟ್. ಅಂದ ಹಾಗೆ, 1992ರಲ್ಲಿ ರಾಬ್ ಪೈಕ್ ಜೊತೆಗೂಡಿ ಯುಟಿಎಫ್-8 ರೂಪಿಸಿದವರೂ ಎಡ್ ಬರೆದ ಥಾಂಪ್ಸನ್ ಅವರೇ. ಛಂದಸ್ಸಿನ ಮಾತ್ರೆ ಎಣಿಸುವವರಿಗಾಗಲಿ, ಪತ್ರಿಕೆಯ ಅಂಕಣಕ್ಕೆ ಅಳತೆ ಮಾಡಿ ಬರೆಯುವವರಿಗಾಗಲಿ ಈ ಮೂರು ಲೆಕ್ಕಗಳ ಅಂತರ ತಿಳಿದಿರಲೇಬೇಕು. ಕನ್ನಡದ ಅಕ್ಷರವನ್ನು ಅಕ್ಷರವಾಗಿಯೇ ಎಣಿಸುವ ಹತ್ತು ಸಾಲಿನ ಪೈಥಾನ್ ಪ್ರೋಗ್ರಾಮು ಬರೆದು, ಅದನ್ನು ಎಡಿಟರಿನೊಳಗಿಂದ ಕರೆಯುವುದು ಕಷ್ಟದ ಮಾತಲ್ಲ.

ಇನ್ನು ಜೋಡಣೆ. ‘ಸಾರ್ಟ್’ ಆಜ್ಞೆಯನ್ನು ಬೈಟುಗಳ ಕ್ರಮದಲ್ಲೇ ಜೋಡಿಸುವಂತೆ ನಡೆಸಿದರೆ ಕನ್ನಡ ಪಟ್ಟಿ ಬಹುಪಾಲು ಸರಿಯಾಗಿಯೇ ಬರುತ್ತದೆ. ಯುನಿಕೋಡ್‌ನಲ್ಲಿ ಕನ್ನಡದ ಸಂಕೇತಗಳು ಹೆಚ್ಚು ಕಡಿಮೆ ವರ್ಣಮಾಲೆಯ ಕ್ರಮದಲ್ಲೇ ಇವೆ. ತಪ್ಪುವುದು ಳಕಾರದ ಹತ್ತಿರ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯ ಅಕ್ಷರ, ಹಕಾರದ ನಂತರ ಬರುವಂಥದು. ಯುನಿಕೋಡ್‌ನಲ್ಲಿ ಅದು ಲ ಮತ್ತು ವಗಳ ನಡುವೆ ಕುಳಿತಿದೆ. ಹಾಗಾಗಿ ‘ಬಳಂಜ’ ಎಂಬ ಊರು ‘ಬಸದಿ’ಗಿಂತ ಮೊದಲು ಬರುತ್ತದೆ, ನಿಘಂಟು ನೋಡಿ ಅಭ್ಯಾಸವಿದ್ದವರು ಅದನ್ನು ಹುಡುಕುವುದು ಬಸದಿಯ ನಂತರ. ಅನುಸ್ವಾರದ ಕಥೆಯೂ ಇಂಥದೇ. ಅದರ ಸಂಕೇತ ಸ್ವರಗಳಿಗಿಂತಲೂ ಮೊದಲಿದೆ. ಅಳದಂಗಡಿ, ಬಳಂಜ, ಕಲ್ಲಡ್ಕ, ಕಳ್ಳಿಗೆ ಎಂದು ಲಕಾರ ಳಕಾರಗಳು ತುಂಬಿರುವ ಬೆಳ್ತಂಗಡಿ, ಬಂಟ್ವಾಳ ಸೀಮೆಯ ಪಟ್ಟಿಗಳಲ್ಲಿ ಇಂಥ ತಪ್ಪು ಪದೇಪದೇ ಕಣ್ಣಿಗೆ ಬೀಳುತ್ತದೆ. ಬೇಕಾದ ಕ್ರಮವನ್ನು ಹೇಳಿಕೊಟ್ಟ ಸ್ವಂತ ಜೋಡಣೆ ಪ್ರೋಗ್ರಾಮೊಂದನ್ನು ‘ಸಾರ್ಟ್’ನ ಜಾಗದಲ್ಲಿ ಕರೆದರೆ ತೊಂದರೆ ತೀರುತ್ತದೆ.

ಆದರೆ ಫಿಲ್ಟರಿನ ನಿಜವಾದ ಬೆಲೆ ತಿಳಿಯುವುದು ಹಳೆಯ ಕಡತಗಳನ್ನು ಉಳಿಸಿಕೊಳ್ಳುವಲ್ಲಿ. ಗುರುಪುರದ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಟೈಪಿಸುವ ಕೀಲಿಮಣೆ ವಿನ್ಯಾಸ ರೂಪಿಸಿದರು, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದು ಹೆಸರಿಟ್ಟರು. ಆ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ನಾಡಿನ ಕಚೇರಿ, ಮುದ್ರಣಾಲಯಗಳನ್ನು ತಲುಪಿತು. ಕೀಲಿಮಣೆ ಶಾಶ್ವತವಾಗಿ ನಿಂತಿತು; ಅಂದಿನ ಕಡತಗಳೊಳಗಿನ ಸಂಕೇತಗಳಿಗೆ ಆ ಭಾಗ್ಯವಿರಲಿಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿಯಂಥ ತಂತ್ರಾಂಶಗಳು ಅಕ್ಷರವನ್ನಲ್ಲ, ಅಕ್ಷರದ ಆಕಾರದ ತುಂಡುಗಳನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಇಡುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಓದಲಾಗದ ರೋಮನ್ ಚಿಹ್ನೆಗಳ ಸಾಲು. ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಶಾಲೆಯ ಶತಮಾನೋತ್ಸವದ ಪುಸ್ತಕ, ಯಕ್ಷಗಾನ ಪ್ರಸಂಗ ಹೀಗೆ ಡಿಟಿಪಿ ಅಂಗಡಿಗಳಲ್ಲಿ ಸಿದ್ಧವಾದ ಎಷ್ಟೋ ಬರಹ ಆ ರೂಪದಲ್ಲೇ ಉಳಿದಿದೆ. ಅದರಲ್ಲಿ ಹುಡುಕಲು ಬರುವುದಿಲ್ಲ, ಮೊಬೈಲಿನಲ್ಲಿ ಓದಲು ಬರುವುದಿಲ್ಲ.

ಈ ಕಡತಗಳನ್ನು ಯುನಿಕೋಡ್‌ಗೆ ತರುವುದು ಒಂದು ಸಂಕೇತದ ಜಾಗದಲ್ಲಿ ಇನ್ನೊಂದನ್ನು ಇಡುವಷ್ಟು ಸುಲಭವಲ್ಲ. ನುಡಿಯ ಹಳೆಯ ಸಂಕೇತದಲ್ಲಿ ‘ಬಂಟ್ವಾಳ’ ಬರೆದಾಗ ಟಕಾರದ ತುಂಡು, ಅದರ ನಂತರ ಆಕಾರದ ಚಿಹ್ನೆ, ಆಮೇಲೆ ವಕಾರದ ಒತ್ತು ಬರುತ್ತದೆ. ಯುನಿಕೋಡ್‌ನಲ್ಲಿ ವಕಾರ ಮೊದಲು, ಆಕಾರದ ಚಿಹ್ನೆ ಆಮೇಲೆ. ‘ಧರ್ಮಸ್ಥಳ’ದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ ಮಕಾರದ ನಂತರ ಇರುತ್ತದೆ, ಯುನಿಕೋಡ್‌ಗೆ ತರುವಾಗ ಅದನ್ನು ಹಿಂದಕ್ಕೆ ಒಯ್ದು ರಕಾರ ಮತ್ತು ವಿರಾಮವಾಗಿ ಮಕಾರದ ಮುಂಚೆ ಇಡಬೇಕು. ಸಂಕೇತ ಪದ್ಧತಿಗಳನ್ನು ಬದಲಿಸುವ ಯುನಿಕ್ಸಿನ ‘ಐಕಾನ್ವ್’ ಆಜ್ಞೆಗೆ ಈ ಫಾಂಟುಗಳ ಪರಿಚಯವಿಲ್ಲ. ಇದಕ್ಕೆಂದೇ ಬರೆದ ಪರಿವರ್ತಕಗಳು ಬೇಕು. ಅಂಥವು ಮುಕ್ತ ತಂತ್ರಾಂಶವಾಗಿ ಲಭ್ಯವಿವೆ. ನುಡಿಯಂಥದೇ ಇನ್ನೊಂದು ತಂತ್ರಾಂಶವಾದ ಶ್ರೀಲಿಪಿಯ ಸಂಕೇತ ಬೇರೆಯಾದ್ದರಿಂದ ಅದಕ್ಕೆ ಬೇರೆಯದೇ ಪರಿವರ್ತಕ.

ಇಡೀ ಕಡತವನ್ನು ಒಮ್ಮೆಗೇ ಪರಿವರ್ತಕಕ್ಕೆ ಸುರಿಯಬಹುದಲ್ಲ, ಎಡಿಟರ್ ಏಕೆ ಬೇಕು? ಬರಿಯ ಪಠ್ಯವಾಗಿ ಉಳಿಸಿದ ಕೂಡಲೇ ಯಾವ ಭಾಗಕ್ಕೆ ಯಾವ ಫಾಂಟ್ ಇತ್ತು ಎಂಬ ಮಾಹಿತಿ ಅಳಿಸಿಹೋಗುತ್ತದೆ. ಸ್ಮರಣ ಸಂಚಿಕೆಯ ನಡುವೆ ಇಂಗ್ಲಿಷಿನಲ್ಲಿ ಅಚ್ಚಾದ ಬ್ಯಾಂಕ್ ಜಾಹೀರಾತು, ಮಿಂಚಂಚೆ ವಿಳಾಸ, ದಾನಿಗಳ ಹೆಸರಿನ ಮುಂದಿನ ಪದವಿಯ ಅಕ್ಷರಗಳು ಇದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ಬಗೆದು ಅರ್ಥವಿಲ್ಲದ ಒತ್ತಕ್ಷರಗಳನ್ನು ಸುರಿಯುತ್ತದೆ. ಯಾವ ಸಾಲು ಕನ್ನಡದ್ದು, ಯಾವುದು ಇಂಗ್ಲಿಷಿನದು ಎಂದು ನಿರ್ಧರಿಸಬಲ್ಲದ್ದು ಓದುವ ಮನುಷ್ಯನ ಕಣ್ಣು. ಎಡಿಟರಿನಲ್ಲಿ ಒಂದೊಂದೇ ಪ್ಯಾರಾ ಆಯ್ದು, ಪರಿವರ್ತಕಕ್ಕೆ ಕಳಿಸಿ, ಬಂದದ್ದನ್ನು ಓದಿ, ತಪ್ಪಿದ್ದಲ್ಲಿ ಒಂದು ಕೀಲಿ ಒತ್ತಿ ಹಿಂದಕ್ಕೆ ಪಡೆದು ಮುಂದುವರಿಯಬಹುದು. ತೀರ್ಪು ಮನುಷ್ಯನದು, ದುಡಿಮೆ ಯಂತ್ರದ್ದು. ಇಷ್ಟು ಒಳ್ಳೆಯ ಹಂಚಿಕೆಯನ್ನು ಬೇರೆ ಯಾವ ವಿಧಾನವೂ ಕೊಡುವುದಿಲ್ಲ. ಪರಿವರ್ತನೆಯಾದ ಮೇಲೆ ಇನ್ನೊಂದು ಹೆಜ್ಜೆ ಉಳಿಯುತ್ತದೆ. ಓಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನಂಥ ಚಿಹ್ನೆ, ದೀರ್ಘ ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ‘ಗ್ರೆಪ್’ಗೆ ಬೇರೆ ಬೇರೆ. ‘ಯುಕಾನ್ವ್’ ಎಂಬ ಪ್ರೋಗ್ರಾಮಿನ ಮೂಲಕ ಹಾಯಿಸಿ ಏಕರೂಪ ಮಾಡಿದರೆ ಮಾತ್ರ ಹುಡುಕಾಟ ಸರಿಹೋಗುತ್ತದೆ.

ಬಂಟ್ವಾಳ, ಬೆಳ್ತಂಗಡಿ ಭಾಗದ ವಿದ್ಯಾರ್ಥಿಗಳು ಇದೇ ಸೌಲಭ್ಯವನ್ನು ಭೇಟಿಯಾಗುವುದು ಬೇರೆ ದಾರಿಯಲ್ಲಿ. ಬಂಟ್ವಾಳ ತಾಲ್ಲೂಕಿನ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆಯ ಮಿಜಾರುಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಇಂಜಿನಿಯರಿಂಗ್ ಕಾಲೇಜುಗಳಿವೆ. ಆ ವಿಶ್ವವಿದ್ಯಾಲಯದ ಪಠ್ಯದಲ್ಲಿ ಯುನಿಕ್ಸ್ ಮತ್ತು ಶೆಲ್ ಒಂದು ವಿಷಯವಾಗಿತ್ತು. ಸುಮಿತಾಭ ದಾಸ್ ಅವರ ಪುಸ್ತಕದ ಮೂಲಕ ವಿಐ ಕಲಿತವರು ಅನೇಕರು. ಸಿ ಭಾಷೆಯ ಪ್ರೋಗ್ರಾಮು ಬರೆದು ವಿಮ್‌ನಲ್ಲೇ ‘ಮೇಕ್’ ಎಂದರೆ ಕಂಪೈಲರ್ ಓಡುತ್ತದೆ, ಅದು ಹೇಳಿದ ದೋಷಗಳ ಪಟ್ಟಿಯನ್ನು ಎಡಿಟರ್ ಹಿಡಿದಿಟ್ಟುಕೊಂಡು ಮೊದಲ ದೋಷದ ಸಾಲಿಗೇ ಕರ್ಸರನ್ನು ಒಯ್ಯುತ್ತದೆ. ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರಿನಲ್ಲಿ ‘ಕಂಪೈಲ್’ ಆಜ್ಞೆಯದೂ ಹೆಚ್ಚು ಕಡಿಮೆ ಇದೇ ಕೆಲಸ.

ಎಡಿಟರಿನ ಆಯ್ಕೆಯಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಸಂಗತಿ ಗಮನಿಸಬೇಕು. ಟರ್ಮಿನಲ್‌ನಲ್ಲಿ ತೆರೆದ ವಿಮ್ ಪ್ರತಿ ಅಕ್ಷರಕ್ಕೂ ನಿಗದಿತ ಅಳತೆಯ ಚೌಕ ಕೊಡುವುದರಿಂದ ಒತ್ತಕ್ಷರಗಳು ಒಡೆದು ಕಾಣುವುದುಂಟು. ಕಡತ ಸರಿಯಾಗಿಯೇ ಇರುತ್ತದೆ, ನೋಟ ಮಾತ್ರ ಕೆಟ್ಟಿರುತ್ತದೆ. 2020ರಲ್ಲಿ ಬಂದ ಈಮ್ಯಾಕ್ಸ್ 27ನೇ ಆವೃತ್ತಿಯಿಂದ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಅದರ ಜೊತೆಗಿದೆ, ಕನ್ನಡ ಚೆನ್ನಾಗಿ ಮೂಡುತ್ತದೆ. ಅದರಲ್ಲಿ ಮೆಟಾ ಕೀಲಿಯೊಂದಿಗೆ ! ಒತ್ತಿದರೆ ಆಜ್ಞೆ ನಡೆಯುತ್ತದೆ, | ಒತ್ತಿದರೆ ಆಯ್ದ ಭಾಗ ಆಜ್ಞೆಗೆ ಹೋಗುತ್ತದೆ. ಮೊದಲೇ ಕಂಟ್ರೋಲ್ ಮತ್ತು ಯು ಒತ್ತಿದ್ದರೆ ಫಲಿತಾಂಶ ಅದೇ ಜಾಗಕ್ಕೆ ಬರುತ್ತದೆ. ಕೇಟ್, ಗೀನಿ ಎಡಿಟರುಗಳಲ್ಲೂ ಆಯ್ದ ಪಠ್ಯವನ್ನು ಹೊರಗಿನ ಪ್ರೋಗ್ರಾಮಿಗೆ ಕಳಿಸಬಹುದು. ವಿಎಸ್ ಕೋಡ್‌ನಲ್ಲಿ ಒಳಗೇ ಒಂದು ಟರ್ಮಿನಲ್ ಇದೆ, ಮತ್ತೆಮತ್ತೆ ಬೇಕಾಗುವ ಆಜ್ಞೆಗಳನ್ನು ‘ಟಾಸ್ಕ್’ ಎಂದು ಬರೆದಿಡಬಹುದು.

ಹೊಸಬರು ಎಡವುವ ಜಾಗಗಳು ಕೆಲವು. ಆಜ್ಞೆಯ ಹೆಸರು ತಪ್ಪಿದರೆ ವಿಮ್‌ನಲ್ಲಿ ಆಯ್ದ ಸಾಲುಗಳ ಜಾಗಕ್ಕೆ ಶೆಲ್‌ನ ದೋಷ ಸಂದೇಶ ಬಂದು ಕೂರುತ್ತದೆ. ಗಾಬರಿಯಾಗದೆ ‘ಯು’ ಒತ್ತಿದರೆ ಪಠ್ಯ ಮರಳುತ್ತದೆ. ಕೀಲಿಮಣೆಯಿಂದ ಉತ್ತರ ಕೇಳುವ ಪ್ರೋಗ್ರಾಮುಗಳು ಫಿಲ್ಟರಾಗಿ ಸಲ್ಲುವುದಿಲ್ಲ. ಟರ್ಮಿನಲ್‌ನಲ್ಲಿ ಆಜ್ಞೆಗಳಿಗೆ ಇಟ್ಟುಕೊಂಡ ಅಡ್ಡಹೆಸರುಗಳು ಎಡಿಟರ್ ಎಬ್ಬಿಸಿದ ಶೆಲ್‌ಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ಪ್ರೋಗ್ರಾಮಿನ ಪೂರ್ತಿ ದಾರಿಯನ್ನು ಬರೆಯುವುದು ಕ್ಷೇಮ.

ಅಪಾಯವೂ ಇದೆ. ಎಡಿಟರ್ ನಡೆಸುವ ಆಜ್ಞೆಗೆ ಬಳಕೆದಾರರ ಪೂರ್ಣ ಅಧಿಕಾರವಿರುತ್ತದೆ, ಕಡತ ಅಳಿಸುವ ಅಧಿಕಾರವೂ ಸೇರಿ. ಪಠ್ಯ ಕಡತದ ಮೊದಲಲ್ಲೋ ಕೊನೆಯಲ್ಲೋ ಎಡಿಟರಿಗೆ ಸೂಚನೆ ಬರೆದಿಡುವ ‘ಮೋಡ್‌ಲೈನ್’ ಸೌಲಭ್ಯದಲ್ಲಿ 2019ರಲ್ಲಿ ಒಂದು ದೋಷ ಬೆಳಕಿಗೆ ಬಂತು. ವಿಮ್‌ನ ಹಳೆಯ ಆವೃತ್ತಿಗಳಲ್ಲಿ ದುರುದ್ದೇಶದ ಕಡತವನ್ನು ತೆರೆದ ಮಾತ್ರಕ್ಕೆ ಅದರೊಳಗೆ ಅಡಗಿದ ಆಜ್ಞೆ ನಡೆದುಬಿಡಬಹುದಿತ್ತು. 8.1.1365ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ವಿಎಸ್ ಕೋಡ್ 2021ರಿಂದ, ಅಪರಿಚಿತ ಫೋಲ್ಡರ್ ತೆರೆದಾಗ ಅದನ್ನು ನಂಬಬೇಕೇ ಎಂದು ಕೇಳುತ್ತದೆ. ಒಪ್ಪದಿದ್ದರೆ ಅದರೊಳಗಿನ ಟಾಸ್ಕುಗಳು ನಡೆಯುವುದಿಲ್ಲ. ಬೇರೆಯವರು ಕೊಟ್ಟ ಪರಿವರ್ತಕವನ್ನು ಮೊದಲು ತೆರೆದು ಓದಬೇಕು, ಆಮೇಲೆ ಕಡತದ ಪ್ರತಿಯೊಂದರ ಮೇಲೆ ಓಡಿಸಬೇಕು. ವಿಮ್‌ನಲ್ಲಿ ‘ಡಬ್ಲ್ಯು’ ಮತ್ತು ಆಶ್ಚರ್ಯಸೂಚಕದ ರೂಪ ಇದಕ್ಕೆ ಹೇಳಿಮಾಡಿಸಿದ್ದು. ಪರಿವರ್ತನೆಯಾದ ಪಠ್ಯ ಪರದೆಯ ಮೇಲಷ್ಟೇ ಕಾಣುತ್ತದೆ. ಒತ್ತು, ದೀರ್ಘ, ಅರ್ಕಾವೊತ್ತುಗಳು ಸರಿಯಾಗಿ ಬಂದಿವೆ ಎಂದು ಖಚಿತವಾದ ಮೇಲೆ ಅದೇ ಆಜ್ಞೆಯನ್ನು ‘ಡಬ್ಲ್ಯು’ ಬಿಟ್ಟು, ಸಾಲುಗಳ ವ್ಯಾಪ್ತಿ ಕೊಟ್ಟು ನಡೆಸಬಹುದು.